ಬಾಟಲಿಯಲ್ಲಿ ಹಣ್ಣೆಷ್ಟು? ಜ್ಯೂಸ್ ಬೇಡಿಕೆ ಕುಗ್ಗಿದರೆ ತೋತಾಪುರಿ ಬೆಳೆಗಾರರಿಗೆ ಏನಾಗುತ್ತದೆ

2025ರ ಜೂನ್‌ನಲ್ಲಿ ಕೋಲಾರದ ಮಾವು ದಿಢೀರನೆ ಎರಡು ರಾಜ್ಯಗಳ ನಡುವಿನ ಜಗಳವಾಯಿತು. ಶ್ರೀನಿವಾಸಪುರದ ಕಡೆಯಿಂದ ತೋತಾಪುರಿ ತುಂಬಿಕೊಂಡು ಹೊರಟ ಗಾಡಿಗಳನ್ನು ಆಂಧ್ರದ ಚಿತ್ತೂರು ಜಿಲ್ಲೆಯ ಗಡಿಯಲ್ಲಿ ತಡೆದರು. ಹೊರರಾಜ್ಯದ ತೋತಾಪುರಿ ಒಳಗೆ ಬರುವಂತಿಲ್ಲ ಎಂದು ಅಲ್ಲಿನ ಜಿಲ್ಲಾಧಿಕಾರಿ ಜೂನ್ 7ರಂದು ಆದೇಶ ಹೊರಡಿಸಿದ್ದರು. ಆದೇಶ ಹಿಂಪಡೆಯಿರಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಇತ್ತ ಬೆಳೆಗಾರರು ಹಣ್ಣನ್ನು ರಸ್ತೆಗೆ ಸುರಿದು ಪ್ರತಿಭಟನೆ ಮಾಡಿದರು.

ಪೇಟೆಯಲ್ಲಿ ಬಾದಾಮಿ ಮಾವಿಗೆ ಒಳ್ಳೆಯ ಬೆಲೆ ಇದ್ದಾಗಲೇ ತೋತಾಪುರಿಯನ್ನು ಕಿಲೋಗೆ ಐದಾರು ರೂಪಾಯಿಗೆ ಕೇಳುವವರೂ ಕಡಿಮೆಯಾಗಿದ್ದರು. ಒಂದೇ ಜಿಲ್ಲೆ, ಒಂದೇ ಹಂಗಾಮು, ಎರಡೂ ಮಾವೇ. ಹಾಗಾದರೆ ಇಷ್ಟು ವ್ಯತ್ಯಾಸ ಯಾಕೆ? ಉತ್ತರ ಸಿಗುವುದು ಹಣ್ಣಿನ ಅಂಗಡಿಯಲ್ಲಲ್ಲ, ಕೂಲ್‌ಡ್ರಿಂಕ್ಸ್ ಇಡುವ ಫ್ರಿಜ್‌ನಲ್ಲಿ.

ತಿನ್ನುವ ಮಾವು, ಕುಡಿಯುವ ಮಾವು

ತೋತಾಪುರಿ ಎಂದರೆ ತುದಿ ಗಿಣಿಯ ಕೊಕ್ಕಿನಂತೆ ಬಾಗಿರುವ ಉದ್ದನೆಯ ಮಾವು. ನಮ್ಮಲ್ಲಿ ಗಿಣಿಮೂತಿ ಅಂತಲೂ ಕರೆಯುತ್ತಾರೆ. ಚಿತ್ತೂರಿನ ಕಡೆ ಇದರ ಹೆಸರು ‘ಬೆಂಗಳೂರ’. ಕಾಯಿ ಇದ್ದಾಗ ಸೀಳಿ ಉಪ್ಪು ಖಾರ ಹಚ್ಚಿ ಬೆಂಗಳೂರಿನ ರಸ್ತೆ ಬದಿ ಮಾರುತ್ತಾರಲ್ಲ, ಬಹುತೇಕ ಇದೇ. ಹಣ್ಣಾದಾಗ ಮಾತ್ರ ಇದನ್ನು ಮನೆಗೆ ಕೊಂಡೊಯ್ಯುವವರು ಕಡಿಮೆ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ ಮುಂದೆ ಇದರ ಸಿಹಿಯೂ ಸಪ್ಪೆ, ಪರಿಮಳವೂ ಸಪ್ಪೆ.

ಆದರೆ ಫ್ಯಾಕ್ಟರಿಗೆ ಇದು ಅಚ್ಚುಮೆಚ್ಚು. ತಿರುಳು ಜಾಸ್ತಿ, ಸ್ವಲ್ಪ ಹುಳಿ ಇದೆ, ಮರ ಚೆನ್ನಾಗಿ ಫಸಲು ಕೊಡುತ್ತದೆ, ಬೆಲೆಯೂ ಕಡಿಮೆ. ಮಾವಿನ ಪಾನೀಯಗಳಿಗೆ ‘ಮೈ’ ಕೊಡುವುದು ತೋತಾಪುರಿ. ಬಣ್ಣ, ಪರಿಮಳ ಬೇಕೆಂದರೆ ಸ್ವಲ್ಪ ಅಲ್ಫಾನ್ಸೊ ತಿರುಳು, ಅಂದರೆ ನಮ್ಮ ಬಾದಾಮಿ, ಸೇರಿಸುತ್ತಾರೆ.

ಬಾದಾಮಿ ಬೆಳೆದವರಿಗೆ ಲಕ್ಷಾಂತರ ಗಿರಾಕಿಗಳಿದ್ದಾರೆ. ಮಂಡಿಯವರು ಕಡಿಮೆ ಕೇಳಿದರೆ ಲಾಲ್‌ಬಾಗ್ ಮಾವು ಮೇಳವಿದೆ, ಹಾಪ್‌ಕಾಮ್ಸ್ ಇದೆ, ಹೆದ್ದಾರಿ ಬದಿಯ ತಟ್ಟಿ ಅಂಗಡಿ ಇದೆ. ಹಣ್ಣಾದ ತೋತಾಪುರಿಗೆ ದೊಡ್ಡ ಗಿರಾಕಿ ಒಂದೇ: ತಿರುಳು ತೆಗೆಯುವ ಫ್ಯಾಕ್ಟರಿ. ಉಪ್ಪಿನಕಾಯಿಗೂ ಹೋಗುತ್ತದೆ ನಿಜ, ಆದರೆ ಟನ್ನುಗಟ್ಟಲೆ ಹಣ್ಣು ಕರಗುವುದು ಅಲ್ಲಲ್ಲ. ಈ ಫ್ಯಾಕ್ಟರಿಗಳೋ ಹೆಚ್ಚಾಗಿ ಚಿತ್ತೂರು ಮತ್ತು ತಮಿಳುನಾಡಿನ ಕೃಷ್ಣಗಿರಿ ಸುತ್ತ ಇವೆ. ಶ್ರೀನಿವಾಸಪುರದಲ್ಲೇ ದೊಡ್ಡ ಸಂಸ್ಕರಣಾ ಘಟಕ ಬೇಕು ಅನ್ನುವುದು ಬೆಳೆಗಾರರ ಹಳೆಯ ಬೇಡಿಕೆ. ಚಿತ್ತೂರಿನ ಒಂದು ಆದೇಶಕ್ಕೆ ಕೋಲಾರ ಅಲ್ಲಾಡಿದ್ದು ಇದಕ್ಕೇ.

ಹಣ್ಣು ಡ್ರಮ್ಮಿಗೆ ಇಳಿಯುವ ಬಗೆ

ಫ್ಯಾಕ್ಟರಿಯಲ್ಲಿ ಹಣ್ಣನ್ನು ತೊಳೆದು, ಮಾಗಿಸಿ, ಸಿಪ್ಪೆ ಓಟೆ ಬೇರೆ ಮಾಡಿ ತಿರುಳು ತೆಗೆಯುತ್ತಾರೆ. ಇದಕ್ಕೆ ಪಲ್ಪ್ ಎನ್ನುತ್ತಾರೆ. ಒಂದು ಕಿಲೋ ತೋತಾಪುರಿಯಿಂದ ಹೆಚ್ಚುಕಡಿಮೆ ಅರ್ಧ ಕಿಲೋ ಪಲ್ಪ್ ಬರುತ್ತದೆ. ಅದನ್ನು ಬಿಸಿ ಮಾಡಿ ಸೂಕ್ಷ್ಮಾಣುಗಳನ್ನು ಕೊಂದು, ತಣಿಸಿ, ಗಾಳಿ ತಾಗದ ಚೀಲಕ್ಕೆ ತುಂಬಿ, ಆ ಚೀಲವನ್ನು ಉಕ್ಕಿನ ಡ್ರಮ್ಮಿನಲ್ಲಿ ಇಡುತ್ತಾರೆ. ಒಂದು ಡ್ರಮ್ಮಿಗೆ ಸುಮಾರು 215 ಕಿಲೋ. ಹೀಗೆ ತುಂಬಿದ ಪಲ್ಪ್ ಫ್ರಿಜ್ ಇಲ್ಲದೆಯೇ ವರ್ಷಕ್ಕೂ ಮೀರಿ ಕೆಡದೆ ಇರುತ್ತದೆ.

ಗಿಡದಿಂದ ಇಳಿಸಿದ ಹಣ್ಣು ಕೆಲವೇ ದಿನ ತಡೆಯುತ್ತದೆ, ಡ್ರಮ್ಮಿನ ಪಲ್ಪ್ ವರ್ಷಗಟ್ಟಲೆ ತಡೆಯುತ್ತದೆ. ಮಾರುವವರಿಗೆ ಕಾಯುವ ತಾಕತ್ತಿಲ್ಲ, ಕೊಳ್ಳುವವರಿಗೆ ಇದೆ. ತೋತಾಪುರಿ ಬೆಲೆಯ ಕಥೆಯಲ್ಲಿ ಅರ್ಧ ಇಲ್ಲೇ ಮುಗಿಯಿತು ಅನ್ನಬಹುದು. ಜೂನ್, ಜುಲೈನಲ್ಲಿ ಫ್ಯಾಕ್ಟರಿ ಗೇಟಿನ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಸಾಲಿನಲ್ಲಿ ಕಳೆದ ಒಂದೊಂದು ದಿನಕ್ಕೂ ಹಣ್ಣು ಮೆತ್ತಗಾಗುತ್ತದೆ. ಆಗ ಕೇಳಿದ ಬೆಲೆಗೆ ಕೊಟ್ಟು ಬರುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಜ್ಯೂಸ್, ನೆಕ್ಟರ್, ಡ್ರಿಂಕ್ ಎಲ್ಲಾ ಒಂದೇ ಅಲ್ಲ

ನಾವು ಎಲ್ಲವನ್ನೂ ಜ್ಯೂಸ್ ಅಂತಲೇ ಕರೆಯುತ್ತೇವೆ. ಕಾನೂನು ಹಾಗೆ ಕರೆಯುವುದಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, ನಿಯಮದಲ್ಲಿ ಒಂದೊಂದಕ್ಕೂ ಬೇರೆ ಅರ್ಥವಿದೆ.

ಜ್ಯೂಸ್ ಎಂದರೆ ಹಣ್ಣಿನ ರಸವೇ. ರಸವನ್ನು ಬತ್ತಿಸಿ ಗಟ್ಟಿ ಮಾಡಿ, ಆಮೇಲೆ ಅಷ್ಟೇ ನೀರು ಸೇರಿಸಿ ಮತ್ತೆ ರಸ ಮಾಡಿದ್ದೂ ಈ ಗುಂಪಿಗೆ ಬರುತ್ತದೆ. ಅದನ್ನು ಮರುಸೇರಿಸಿದ ಜ್ಯೂಸ್ ಎನ್ನಬಹುದು. ಇಂಥ ಪೊಟ್ಟಣಗಳ ಮೇಲಿನ ‘ಶೇ 100 ಹಣ್ಣಿನ ರಸ’ ಎಂಬ ಮಾತನ್ನು ತೆಗೆಯಿರಿ ಎಂದು ಪ್ರಾಧಿಕಾರ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಹೇಳಿತು. ನೆಕ್ಟರ್ ಎಂದರೆ ಹಣ್ಣು, ನೀರು, ಸಕ್ಕರೆ ಸೇರಿದ್ದು. ಮಾವಿನ ನೆಕ್ಟರ್ ಆದರೆ ಕನಿಷ್ಠ ಶೇ 20 ಹಣ್ಣು ಇರಬೇಕು. ಫ್ರೂಟ್ ಡ್ರಿಂಕ್ ಎನ್ನಿಸಿಕೊಳ್ಳಲು ಶೇ 10 ಸಾಕು. ಗ್ಯಾಸ್ ತುಂಬಿದ ಪಾನೀಯಕ್ಕೆ ಇನ್ನೂ ಕಡಿಮೆ, ಶೇ 5 ಹಣ್ಣು ಸೇರಿಸಿದರೂ ‘ಹಣ್ಣಿನ ರಸವಿರುವ’ ಪಾನೀಯ ಎಂದು ಬರೆಯಬಹುದು.

ಮಾವಿನಲ್ಲಿ ಕಿತ್ತಳೆಯಂತೆ ಹಿಂಡಿ ಕುಡಿಯುವ ತೆಳು ರಸ ಸಿಗುವುದಿಲ್ಲ, ಗಟ್ಟಿ ತಿರುಳಷ್ಟೇ. ಹಾಗಾಗಿ ಅಂಗಡಿಯಲ್ಲಿ ಸಿಗುವ ಮಾವಿನ ಪಾನೀಯ ಹೆಚ್ಚಾಗಿ ನೆಕ್ಟರ್ ಇಲ್ಲವೇ ಡ್ರಿಂಕ್.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಲೀಟರ್ ನೆಕ್ಟರ್‌ಗೆ ಕನಿಷ್ಠ 200 ಗ್ರಾಂ ಪಲ್ಪ್, ಅಂದರೆ ಸುಮಾರು 400 ಗ್ರಾಂ ಹಣ್ಣು ಬೇಕು. ಡ್ರಿಂಕ್ ಆದರೆ 200 ಗ್ರಾಂ ಹಣ್ಣು. ಶೇ 5ರ ಗ್ಯಾಸ್ ಪಾನೀಯಕ್ಕೆ 100 ಗ್ರಾಂ. ಜನ ಅಷ್ಟೇ ಲೀಟರ್ ಕುಡಿದರೂ, ನೆಕ್ಟರ್ ಬಿಟ್ಟು ಡ್ರಿಂಕ್‌ಗೆ ಬಂದರೆ ತೋಟದಿಂದ ಹೋಗುವ ಹಣ್ಣು ಅರ್ಧವಾಗುತ್ತದೆ. ‘ಪಾನೀಯ ಮಾರುಕಟ್ಟೆ ಬೆಳೆಯುತ್ತಿದೆ’ ಎಂಬ ಸುದ್ದಿಯೂ ‘ಮಾವು ಕೇಳುವವರಿಲ್ಲ’ ಎಂಬ ಸುದ್ದಿಯೂ ಒಂದೇ ವರ್ಷ ಬಂದರೆ ಆಶ್ಚರ್ಯ ಪಡಬೇಕಿಲ್ಲ. ಎರಡೂ ನಿಜವಾಗಿರಬಹುದು.

ಹಣದ ಲೆಕ್ಕ ಇನ್ನೂ ಮಜವಾಗಿದೆ. ಹಣ್ಣು ಕಿಲೋಗೆ 5 ರೂಪಾಯಿ ಆದರೆ ಒಂದು ಲೀಟರ್ ಡ್ರಿಂಕ್‌ನಲ್ಲಿರುವ ಮಾವಿನ ಬೆಲೆ 1 ರೂಪಾಯಿ. ಕಿಲೋಗೆ 12 ರೂಪಾಯಿ ಕೊಟ್ಟರೆ 2 ರೂಪಾಯಿ 40 ಪೈಸೆ. ಬೆಳೆಗಾರರ ಪಾಲಿಗೆ ಬೆಲೆ ಎರಡು ಪಟ್ಟಿಗಿಂತ ಜಾಸ್ತಿಯಾದರೂ ಬಾಟಲಿಯ ಖರ್ಚಿಗೆ ಸೇರುವುದು 1 ರೂಪಾಯಿ 40 ಪೈಸೆ ಮಾತ್ರ. ಪಲ್ಪ್ ತೆಗೆಯುವ, ಸಾಗಿಸುವ, ತುಂಬುವ ಖರ್ಚು ಬೇರೆ ಇದೆ, ಸರಿ. ಆದರೂ ಬಾಟಲಿಯ ಬೆಲೆಯಲ್ಲಿ ಮಾವಿನ ಪಾಲು ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ ಅಲ್ವಾ?

ಜನ ಯಾಕೆ ಕಡಿಮೆ ಕುಡಿಯುತ್ತಿದ್ದಾರೆ?

ಒಂದೇ ಕಾರಣವಿಲ್ಲ. ಕೆಲವು ಕಾರಣಗಳು ಆಯಾ ವರ್ಷದವು, ಕೆಲವು ನಿಧಾನಕ್ಕೆ ಬೇರು ಬಿಡುತ್ತಿರುವವು.

2025ರದ್ದು ಮಳೆ. ಆ ವರ್ಷ ಮೇ 24ಕ್ಕೇ ಮುಂಗಾರು ಕೇರಳಕ್ಕೆ ಕಾಲಿಟ್ಟಿತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಅದಕ್ಕೂ ಮೊದಲೇ ಬೇಸಿಗೆಯಲ್ಲಿ ಹಲವೆಡೆ ಮಳೆ ಸುರಿದಿತ್ತು. ತಂಪು ಪಾನೀಯದ ವ್ಯಾಪಾರ ಕುದುರುವುದೇ ಏಪ್ರಿಲ್‌ನಿಂದ ಜೂನ್‌ವರೆಗೆ. ಅಕಾಲದ ಮಳೆಯಿಂದ ಮಾರಾಟ ಇಳಿಯಿತು ಎಂದು ದೊಡ್ಡ ಪಾನೀಯ ಕಂಪನಿಗಳೇ ಆ ತ್ರೈಮಾಸಿಕದ ಲೆಕ್ಕ ಒಪ್ಪಿಸುವಾಗ ಹೇಳಿದವು.

ಎರಡನೆಯದು ಪೈಪೋಟಿ. 2023ರಲ್ಲಿ ರಿಲಯನ್ಸ್ ಕಂಪನಿ ಹಳೆಯ ಕ್ಯಾಂಪಾ ಕೋಲಾವನ್ನು ಮತ್ತೆ ತಂದು 200 ಮಿಲಿ ಬಾಟಲಿಯನ್ನು 10 ರೂಪಾಯಿಗೆ ಇಟ್ಟಿತು. ಹತ್ತು ರೂಪಾಯಿಯ ಬಾಟಲಿಗಾಗಿ ಜಗ್ಗಾಟ ಶುರುವಾಯಿತು. ನೀರು, ಸಕ್ಕರೆ, ಗ್ಯಾಸ್ ಮಾತ್ರ ಇರುವ ಪಾನೀಯದ ಮುಂದೆ ಹಣ್ಣು ಜಾಸ್ತಿ ಇರುವ ಪಾನೀಯ ಬೆಲೆಯಲ್ಲಿ ಗೆಲ್ಲುವುದು ಕಷ್ಟ.

ಮೂರನೆಯದು ಸಕ್ಕರೆಯ ಭಯ. ಇದು ನಿಧಾನದ್ದು, ಆದರೆ ಗಟ್ಟಿಯಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ದಿನದ ಆಹಾರದಿಂದ ಸಿಗುವ ಒಟ್ಟು ಶಕ್ತಿಯಲ್ಲಿ ತಿನಿಸು, ಪಾನೀಯಗಳಿಗೆ ಸೇರಿಸುವ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಲಿ ಎಂದಿತು. ಹಣ್ಣಿನ ರಸದೊಳಗಿನ ಸಕ್ಕರೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಿತು. ಇಡೀ ಹಣ್ಣು ತಿಂದರೆ ಸಕ್ಕರೆ ನಾರಿನ ಜೊತೆ ನಿಧಾನವಾಗಿ ಒಳಗೆ ಹೋಗುತ್ತದೆ, ರಸ ಕುಡಿದರೆ ನಾರು ಹೆಚ್ಚಾಗಿ ಹೊರಗೇ ಉಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯೂ ರಸಕ್ಕಿಂತ ಹಣ್ಣೇ ಒಳ್ಳೆಯದು ಎಂದಿತು. ಶೇ 10ರಷ್ಟು ಅಥವಾ ಅದಕ್ಕೂ ಕಡಿಮೆ ಹಣ್ಣಿದ್ದರೂ ‘ನಿಜವಾದ ಹಣ್ಣಿನದು’ ಎಂದು ಬರೆದುಕೊಳ್ಳುವ ಪೊಟ್ಟಣಗಳ ಬಗ್ಗೆ ಎಚ್ಚರಿಸಿತು ಕೂಡ.

ಈ ಬುದ್ಧಿಮಾತಿನಲ್ಲಿ ತಪ್ಪಿಲ್ಲ. ಮಾವನ್ನು ತಿನ್ನಿ, ಕುಡಿಯಬೇಡಿ ಅಂದರೆ ಬಾದಾಮಿ ಬೆಳೆಗಾರರಿಗೆ ನಷ್ಟವೂ ಇಲ್ಲ. ತಿನ್ನಲೆಂದು ಬೆಳೆಯದ ಮಾವಿಗೆ ಮಾತ್ರ ಪೆಟ್ಟು.

ನಾಲ್ಕನೆಯದು ಹೊರದೇಶದ ಬೇಡಿಕೆ. ನಮ್ಮ ಮಾವಿನ ಪಲ್ಪ್‌ನ ದೊಡ್ಡ ಗಿರಾಕಿಗಳಲ್ಲಿ ಸೌದಿ ಅರೇಬಿಯ, ಯೆಮನ್, ಕುವೈತ್ ಇವೆ. ಯೂರೋಪಿಗೆ ನೆದರ್‌ಲೆಂಡ್ಸ್ ಮೂಲಕ ಹೋಗುತ್ತದೆ. ಸೌದಿ 2019ರ ಡಿಸೆಂಬರ್‌ನಲ್ಲಿ ಸಕ್ಕರೆ ಸೇರಿಸಿದ ಪಾನೀಯಗಳ ಮೇಲೆ ಶೇ 50 ತೆರಿಗೆ ಹಾಕಿತು. ಅರಬ್ ಎಮಿರೇಟ್ಸ್ ಕೂಡ ಅದೇ ಹೊತ್ತಿಗೆ ಹಾಗೇ ಮಾಡಿತು. ಪಲ್ಪ್‌ಗೆ ನೀರು, ಸಕ್ಕರೆ ಬೆರೆಸಿ ಮಾಡುವ ನೆಕ್ಟರ್ ಇದರೊಳಗೆ ಸಿಕ್ಕಿಬಿತ್ತು. ಆಮೇಲೆ ಕೆಂಪು ಸಮುದ್ರದ ಹಡಗು ದಾರಿಯಲ್ಲಿ ಗಲಾಟೆ ಶುರುವಾಗಿ ಸಾಗಣೆಯೂ ದುಬಾರಿಯಾಯಿತು. 2025ರಲ್ಲಿ ಚಿತ್ತೂರಿನ ಫ್ಯಾಕ್ಟರಿಯವರು ಹೇಳಿದ ಮುಖ್ಯ ಕಾರಣವೂ ಇದೇ ಧಾಟಿಯದು: ಹಿಂದಿನ ವರ್ಷದ ಪಲ್ಪ್ ಇನ್ನೂ ಖಾಲಿಯಾಗಿಲ್ಲ.

ಮಾರಾಟ ಸ್ವಲ್ಪ ಇಳಿದರೆ ಖರೀದಿ ತುಂಬಾ ಯಾಕೆ ಇಳಿಯುತ್ತದೆ?

ಈ ‘ಖಾಲಿಯಾಗದ ಪಲ್ಪ್’ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೆಲೆ ಇಳಿಯುವುದಲ್ಲ, ಕುಸಿಯುವುದೇ ಇದರಿಂದ.

ನಿನ್ನೆಯ ದೋಸೆ ಹಿಟ್ಟು ಮಿಕ್ಕಿದ್ದರೆ ಇವತ್ತು ಕಡಿಮೆ ಅಕ್ಕಿ ನೆನೆಹಾಕುತ್ತೇವೆ. ಮನೆಯಲ್ಲಿ ಇಬ್ಬರು ಊರಿಗೆ ಹೋಗಿದ್ದರಂತೂ ಇನ್ನೂ ಕಡಿಮೆ. ಫ್ಯಾಕ್ಟರಿಯದೂ ಅದೇ ಲೆಕ್ಕ. ಒಂದು ಫ್ಯಾಕ್ಟರಿ ವರ್ಷಕ್ಕೆ 100 ಡ್ರಮ್ ಪಲ್ಪ್ ಮಾರುತ್ತಿತ್ತು ಅಂದುಕೊಳ್ಳಿ. ಈ ವರ್ಷ 80 ಮಾತ್ರ ಹೋಯಿತು, 20 ಉಳಿಯಿತು. ಮುಂದಿನ ವರ್ಷವೂ 80 ಹೋಗಬಹುದು ಎಂದು ಅಂದಾಜಿಸಿದರೆ ಹೊಸದಾಗಿ ಬೇಕಾಗುವುದು 60. ಮಾರಾಟ ಇಳಿದದ್ದು ಶೇ 20, ಹಣ್ಣಿನ ಖರೀದಿ ಇಳಿದದ್ದು ಶೇ 40.

ಮರಕ್ಕೆ ಈ ಲೆಕ್ಕ ಗೊತ್ತಿಲ್ಲ. ಮಾವಿನ ಫಸಲು ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಆಗುತ್ತದೆ. ಡ್ರಮ್ ಉಳಿದ ವರ್ಷವೇ ಫಸಲೂ ಜೋರಾಗಿ ಬಂದರೆ ಗೇಟಿನ ಮುಂದಿನ ಸಾಲು ಎಲ್ಲಿಗೆ ಮುಟ್ಟಬಹುದು ಊಹಿಸಿ. ಚಿತ್ತೂರಿನವರು ತಮ್ಮ ಹಣ್ಣೇ ಉಳಿದಿರುವಾಗ ಕರ್ನಾಟಕದ ಹಣ್ಣಿಗೆ ಬೇಲಿ ಹಾಕಿದ್ದರ ಹಿಂದೆ ಇದೇ ಒತ್ತಡ ಇತ್ತು. ಅಲ್ಲಿನ ಸರ್ಕಾರ ಕಿಲೋಗೆ 12 ರೂಪಾಯಿ ಎಂದು ನಿಗದಿ ಮಾಡಿ, 8 ರೂಪಾಯಿ ಫ್ಯಾಕ್ಟರಿ ಕೊಡಲಿ, 4 ರೂಪಾಯಿ ತಾನು ಕೊಡುತ್ತೇನೆ ಎಂದಿತ್ತು. ಪಕ್ಕದ ರಾಜ್ಯದಲ್ಲಿ ಐದಾರು ರೂಪಾಯಿಗೆ ಹಣ್ಣು ಸಿಗುವಾಗ 8 ಕೊಟ್ಟು ಯಾರು ಕೊಳ್ಳುತ್ತಾರೆ?

ಸರ್ಕಾರದ ನೆರವು ಅಂದರೆ ನಿಖರವಾಗಿ ಏನು?

ಭತ್ತ, ರಾಗಿಗೆ ಇರುವಂಥ ಬೆಂಬಲ ಬೆಲೆ ಮಾವಿಗೆ ಇಲ್ಲ. ಬೇಗ ಕೊಳೆಯುವ ಬೆಳೆಗಳನ್ನು ಸರ್ಕಾರ ಕೊಂಡು ಗೋದಾಮಿನಲ್ಲಿ ಇಡಲಾಗುವುದಿಲ್ಲ. ಅವುಗಳಿಗಾಗಿ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಎಂಬುದಿದೆ. ರಾಜ್ಯ ಕೇಳಿಕೊಂಡರೆ, ಬೆಲೆ ಸಾಕಷ್ಟು ಬಿದ್ದಿದೆ ಎಂದು ಖಚಿತವಾದರೆ, ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಖರ್ಚು ಹಾಕಿಕೊಳ್ಳುತ್ತವೆ.

2025ರ ಜೂನ್‌ನಲ್ಲಿ ಕರ್ನಾಟಕ ಹೀಗೆ ಕೇಳಿತು. ಕ್ವಿಂಟಲ್‌ಗೆ 12,000 ರೂಪಾಯಿ ಇದ್ದ ಮಾವಿನ ಬೆಲೆ 3,000ಕ್ಕೆ ಬಿದ್ದಿದೆ, ಬೆಳೆಯುವ ಖರ್ಚೇ 5,466 ರೂಪಾಯಿ ಎಂದು ಮುಖ್ಯಮಂತ್ರಿಯವರು ಕೇಂದ್ರಕ್ಕೆ ಬರೆದರು. ಇದು ರಾಜ್ಯದ ಒಟ್ಟು ಮಾವಿನ ಲೆಕ್ಕ, ತೋತಾಪುರಿಯದು ಅದಕ್ಕಿಂತ ಕೆಳಗಿನ ಮಾತು. ಅದೇ ತಿಂಗಳು ಕೇಂದ್ರ ಒಪ್ಪಿತು. ತೋತಾಪುರಿಗೆ ಕ್ವಿಂಟಲ್‌ಗೆ 1,616 ರೂಪಾಯಿ ಎಂದು ನಿಗದಿ ಮಾಡಿ, 2.5 ಲಕ್ಷ ಟನ್‌ವರೆಗೆ ನೆರವು ಎಂದಿತು.

ಇಲ್ಲೊಂದು ಗೊಂದಲ ಆಗಬಹುದು. ಕಿಲೋಗೆ 16 ರೂಪಾಯಿ ಸಿಗುತ್ತದೆ ಅಂತ ಅಲ್ಲ. ಸರ್ಕಾರ ಹಣ್ಣು ಕೊಳ್ಳುವುದೂ ಇಲ್ಲ. ಇದು ಬೆಲೆ ವ್ಯತ್ಯಾಸ ಪಾವತಿ. ಮಾರಿದ ಬೆಲೆಗೂ ನಿಗದಿ ಬೆಲೆಗೂ ನಡುವಿನ ಅಂತರವನ್ನು ಬೆಳೆಗಾರರ ಖಾತೆಗೆ ಹಾಕುತ್ತಾರೆ, ಆದರೆ ಅದಕ್ಕೆ ಮಿತಿ ಇದೆ: ನಿಗದಿ ಬೆಲೆಯ ಶೇ 25. ಅಂದರೆ ಕಿಲೋಗೆ ಸುಮಾರು 4 ರೂಪಾಯಿ. ಐದು ರೂಪಾಯಿಗೆ ಮಾರಿದವರ ಕೈಗೆ ಒಟ್ಟು 9 ಬರುತ್ತದೆ. ಮಾರಿದ್ದಕ್ಕೆ ದಾಖಲೆಯೂ ಬೇಕು. ಹೂ ಬಿಡುವಾಗಲೇ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟವರಿಗೆ ಈ ದಾಖಲೆಯೇ ತೊಡಕು. ಜಮೀನು ಒಬ್ಬರದು, ಆ ವರ್ಷದ ಫಸಲು ಇನ್ನೊಬ್ಬರದು.

ಫ್ಲಾರಿಡಾದ ಕಿತ್ತಳೆ

ಹಣ್ಣಿನ ರಸವನ್ನೇ ನಂಬಿದ ಊರಿಗೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಫ್ಲಾರಿಡಾಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಅಲ್ಲಿನ ಕಿತ್ತಳೆಯಲ್ಲಿ ಬಹುಪಾಲು ಜ್ಯೂಸಿಗೇ. 1997–98ರಲ್ಲಿ 24.4 ಕೋಟಿ ಪೆಟ್ಟಿಗೆ ಬೆಳೆದಿದ್ದರು. ಒಂದು ಪೆಟ್ಟಿಗೆ ಎಂದರೆ ಸುಮಾರು 41 ಕಿಲೋ. 2024–25ರಲ್ಲಿ ಸಿಕ್ಕಿದ್ದು ಸುಮಾರು 1.2 ಕೋಟಿ ಪೆಟ್ಟಿಗೆ.

ಅಲ್ಲಿ ಮೊದಲು ಹೊಡೆದದ್ದು ರೋಗ. ಒಂದು ಸಣ್ಣ ಕೀಟ ಹರಡುವ ಸಿಟ್ರಸ್ ಗ್ರೀನಿಂಗ್ 2005ರಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಮದ್ದಿಲ್ಲ. ಚಂಡಮಾರುತಗಳೂ ಸೇರಿಕೊಂಡವು. ಹಣ್ಣು ಕಡಿಮೆಯಾಗಿ ಜ್ಯೂಸ್ ಬೆಲೆ ಏರಿತು. ಬೆಳಗಿನ ತಿಂಡಿಗೆ ಕಿತ್ತಳೆ ರಸ ಕುಡಿಯುವ ರೂಢಿಯನ್ನು ಸಕ್ಕರೆಯ ಭಯದಿಂದ ಮೊದಲೇ ಕಡಿಮೆ ಮಾಡುತ್ತಿದ್ದ ಜನ, ಬೆಲೆ ನೋಡಿ ಮತ್ತಷ್ಟು ದೂರ ಸರಿದರು. 2024ರ ಕೊನೆಯಲ್ಲಿ ಗಟ್ಟಿ ಕಿತ್ತಳೆ ರಸದ ಮುಂಗಡ ವ್ಯಾಪಾರದ ಬೆಲೆ ಒಂದು ಪೌಂಡಿಗೆ 5 ಡಾಲರ್ ದಾಟಿ, ಕೆಲವೇ ತಿಂಗಳಲ್ಲಿ ಅರ್ಧಕ್ಕೆ ಬಿತ್ತು. ಅಲ್ಲಿನ ಅತಿ ದೊಡ್ಡ ಬೆಳೆಗಾರ ಕಂಪನಿಗಳಲ್ಲಿ ಒಂದಾದ ಆಲಿಕೊ 2025ರ ಜನವರಿಯಲ್ಲಿ ಕಿತ್ತಳೆ ಬೆಳೆಯುವುದನ್ನೇ ಬಿಡುತ್ತೇನೆ ಎಂದು ಸಾರಿತು.

ಕೋಲಾರದ ಸಂಕಟ ಬೇರೆ ಬಗೆಯದು. ಅಲ್ಲಿ ಹಣ್ಣು ಸಾಲದು, ಇಲ್ಲಿ ಹಣ್ಣು ಜಾಸ್ತಿ. ಆದರೂ ಒಂದು ಹೋಲಿಕೆ ಇದೆ: ಎರಡೂ ಕಡೆ ತೋಟ ಹಾಕಿದ್ದು ಒಂದೇ ಲೋಟಕ್ಕಾಗಿ.

ಬೇರೆ ಬೆಳೆ ಬೆಳೆಯಬಾರದೇ?

ಪೇಟೆಯವರು ಸುಲಭವಾಗಿ ಕೇಳುವ ಪ್ರಶ್ನೆ ಇದು. ಟೊಮೆಟೊ ಬೆಲೆ ಬಿದ್ದರೆ ಮೂರು ತಿಂಗಳಲ್ಲಿ ಬೇರೆ ಹಾಕಬಹುದು. ಮಾವು ದಶಕಗಳ ಗಿಡ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯೂ ಇಲ್ಲ. ಮಳೆ ನಂಬಿ ನಿಲ್ಲುವ ಬೆಳೆ ಅಂತಲೇ ಹಿರಿಯರು ಅಲ್ಲಿ ಮಾವು ಹಾಕಿದ್ದು.

ಮರ ಕಡಿಯದೆ ತಳಿ ಬದಲಿಸುವ ದಾರಿಯೊಂದಿದೆ. ಹಳೆಯ ತೋತಾಪುರಿ ಮರದ ಕೊಂಬೆಗಳನ್ನು ಕತ್ತರಿಸಿ, ಹೊಸದಾಗಿ ಬರುವ ಚಿಗುರಿಗೆ ಬಾದಾಮಿ, ಮಲ್ಲಿಕಾ ಅಥವಾ ಕೇಸರ್ ಕಸಿ ಕಟ್ಟುವುದು. ಬೇರು ಹಳೆಯದೇ, ಹಣ್ಣು ಬೇರೆ. ಆದರೆ ಒಳ್ಳೆಯ ಫಸಲಿಗೆ ಮೂರು ವರ್ಷವಾದರೂ ಕಾಯಬೇಕು, ಅಷ್ಟು ದಿನ ಆ ಮರದಿಂದ ಆದಾಯವಿಲ್ಲ. ತೋಟವಿಡೀ ಒಮ್ಮೆಗೇ ಮಾಡಲು ಸಣ್ಣ ಬೆಳೆಗಾರರಿಗೆ ಆಗುವುದಿಲ್ಲ. ಎಲ್ಲರೂ ಬಾದಾಮಿಗೆ ಬದಲಾಯಿಸಿದರೆ ಬಾದಾಮಿಯ ಬೆಲೆ ಏನಾದೀತು ಅನ್ನುವುದೂ ಪ್ರಶ್ನೆಯೇ.

ಬಾಟಲಿಗೆ ಹಣ್ಣು ಜಾಸ್ತಿ ಸೇರಿಸಿದರೆ?

ಈ ಯೋಚನೆ ಹೊಸದಲ್ಲ. 2014ರ ಸೆಪ್ಟೆಂಬರ್‌ನಲ್ಲಿ ತುಮಕೂರು ಬಳಿಯ ಫುಡ್ ಪಾರ್ಕ್ ಉದ್ಘಾಟಿಸಲು ಬಂದ ಪ್ರಧಾನಿ ನರೇಂದ್ರ ಮೋದಿ, ಕೋಲಾ ಕಂಪನಿಗಳು ಪಾನೀಯದಲ್ಲಿ ಶೇ 5ರಷ್ಟಾದರೂ ಹಣ್ಣಿನ ರಸ ಸೇರಿಸಲಿ, ರೈತರಿಗೆ ಮಾರುಕಟ್ಟೆ ಸಿಗುತ್ತದೆ ಎಂದಿದ್ದರು. ಆದರೆ ತೆರಿಗೆ ಬೇರೆ ದಿಕ್ಕಿಗೆ ಹೋಯಿತು. 2021ರಲ್ಲಿ ಜಿಎಸ್‌ಟಿ ಮಂಡಳಿ, ಗ್ಯಾಸ್ ಇರುವ ಹಣ್ಣಿನ ಪಾನೀಯಕ್ಕೂ ಕೋಲಾದಷ್ಟೇ, ಶೇ 28 ತೆರಿಗೆ ಮತ್ತು ಶೇ 12 ಸೆಸ್ ಎಂದು ತೀರ್ಮಾನಿಸಿತು.

2025ರ ಸೆಪ್ಟೆಂಬರ್ 22ರಿಂದ ಲೆಕ್ಕ ಮತ್ತೆ ಬದಲಾಗಿದೆ. ಗ್ಯಾಸ್ ಇಲ್ಲದ ಹಣ್ಣಿನ ಪಾನೀಯಕ್ಕೆ ಶೇ 12 ಇದ್ದದ್ದು ಶೇ 5 ಆಗಿದೆ. ಗ್ಯಾಸ್ ಇರುವುದಕ್ಕೆ ಹಣ್ಣು ಸೇರಿಸಿದ್ದರೂ ಶೇ 40. ಹತ್ತು ರೂಪಾಯಿಯ ಜಗ್ಗಾಟದಲ್ಲಿ ಇದು ಮಾವಿನ ಪಾನೀಯದ ಪರ. ಆದರೆ ಶೇ 10 ಹಣ್ಣಿರಲಿ, ಶೇ 20 ಇರಲಿ, ತೆರಿಗೆ ಒಂದೇ. ಜಾಸ್ತಿ ಹಣ್ಣು ಹಾಕಿದ ಕಂಪನಿಗೆ ಬೇರೆ ಲಾಭವೇನೂ ಇಲ್ಲ.

ತೆರಿಗೆ ಇಳಿದದ್ದು ತೋಟಕ್ಕೆ ಮುಟ್ಟಿತೇ ಎಂದು ನೋಡಲು ಒಳ್ಳೆಯ ಹೊತ್ತು ಹಣ್ಣಿನ ಕಾಲವಲ್ಲ, ಅದಕ್ಕೂ ಮುಂಚಿನ ಮಾರ್ಚ್, ಏಪ್ರಿಲ್. ಫ್ಯಾಕ್ಟರಿಗಳಲ್ಲಿ ಹಳೆಯ ಡ್ರಮ್ ಎಷ್ಟು ಉಳಿದಿದೆ ಎಂಬುದರ ಮೇಲೆ ಆ ವರ್ಷದ ಬೆಲೆ ಬಹುಮಟ್ಟಿಗೆ ಆಗಲೇ ನಿಂತಿರುತ್ತದೆ. ಆ ಲೆಕ್ಕ ಫ್ಯಾಕ್ಟರಿಯವರಿಗೆ ಗೊತ್ತಿರುತ್ತದೆ, ತೋಟದವರಿಗೆ ಅದು ಗೊತ್ತಾಗುವುದು ಹೆಚ್ಚಾಗಿ ಜೂನ್‌ನಲ್ಲಿ, ಹಣ್ಣು ಇಳಿಸಿ ಗಾಡಿಗೆ ತುಂಬಿದ ಮೇಲೆ.